ಗಾತ್ರ ಬದಲಿಸಿದ ಲೇಸ್ ನೀರಿನಲ್ಲಿ ಬಿಚ್ಚಿಹೋದರೆ: ದೋಷ ಪತ್ತೆಹಚ್ಚುವ ಬಗೆ

ಎಂಬ್ರಾಯ್ಡರಿ ಯಂತ್ರದಲ್ಲಿ ಹೊಲಿದ ಲೇಸ್ ಹೂಪ್‌ನಲ್ಲಿ, ಅಂದರೆ ಬಿಗಿದು ಹಿಡಿಯುವ ಚೌಕಟ್ಟಿನಲ್ಲಿ, ಇರುವಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೊಲಿಗೆಗೆ ಆಧಾರವಾಗಿ ಹಾಕಿದ ಹಾಳೆಯನ್ನು (ಸ್ಟೆಬಿಲೈಸರ್) ಕರಗಿಸಲು ಉಗುರುಬೆಚ್ಚಗಿನ ನೀರಿಗೆ ಹಾಕಿದ ಮೇಲೆ ಬಣ್ಣ ಬಯಲಾಗುತ್ತದೆ: ಒಂದು ದಳ ಕಳಚಿ ತೇಲುತ್ತಿದೆ, ಜಾಲರಿಯ ಎಳೆಗಳು ಒಂದು ಬದಿಗೆ ಸರಿದು ಕುಳಿತಿವೆ, ಅಂಚಿನ ಸ್ಯಾಟಿನ್ ಹೊಲಿಗೆ (ಒತ್ತೊತ್ತಾಗಿ ಅಡ್ಡಡ್ಡ ಹೊಲಿದ ಪಟ್ಟಿ) ಸಡಿಲ ಕುಣಿಕೆಗಳಾಗಿ ಜೋತುಬಿದ್ದಿದೆ. ಮೂಲ ಅಳತೆಯಲ್ಲಿ ಗಟ್ಟಿಮುಟ್ಟಾಗಿ ಬರುವ ವಿನ್ಯಾಸ, ಶೇಕಡಾ 20ರಷ್ಟು ಹಿಗ್ಗಿಸಿದ ಇಲ್ಲವೇ ಕುಗ್ಗಿಸಿದ ಮಾತ್ರಕ್ಕೆ ಹೀಗಾಗುವುದೇಕೆ, ತಪ್ಪು ಇರುವುದೆಲ್ಲಿ ಎಂಬುದನ್ನು ಇಲ್ಲಿ ಹಂತಹಂತವಾಗಿ ನೋಡೋಣ. ಬಟ್ಟೆಯ ಆಸರೆಯಿಲ್ಲದೆ ಬರೀ ದಾರದಿಂದಲೇ ನಿಲ್ಲುವ ಫ್ರೀಸ್ಟ್ಯಾಂಡಿಂಗ್ ಲೇಸ್‌ಗೆ ಮಾತ್ರ ಈ ಮಾತುಗಳು ಅನ್ವಯಿಸುತ್ತವೆ.

ದಾರ ಕುಗ್ಗುವುದಿಲ್ಲ

ಬಟ್ಟೆಯ ಮೇಲೆ ಮಾಡಿದ ಎಂಬ್ರಾಯ್ಡರಿಯ ಗಾತ್ರ ಬದಲಿಸಿದಾಗಲೂ ಸಣ್ಣಪುಟ್ಟ ದೋಷಗಳು ಬರುತ್ತವೆ. ಆದರೆ ಅವನ್ನೆಲ್ಲ ಬಟ್ಟೆ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹೊಲಿಗೆ ತೆಳುವಾದರೆ ಕೆಳಗಿನ ಬಣ್ಣ ಇಣುಕುತ್ತದೆ, ಅಷ್ಟೇ. ಹೂವು ಬಟ್ಟೆಯಿಂದ ಉದುರಿ ಬೀಳುವುದಿಲ್ಲ. ಲೇಸ್‌ನಲ್ಲಿ ಎಳೆಯನ್ನು ಎಳೆಯೇ ಹಿಡಿದುಕೊಳ್ಳಬೇಕು. ಜಾಲರಿಯ ಗೆರೆಗಳು ಒಂದನ್ನೊಂದು ದಾಟುವ ಜಾಗ, ಅಂಡರ್‌ಲೇ ಎಳೆಗಳನ್ನು (ಅಡಿಯಲ್ಲಿ ಮೊದಲೇ ಹಾಕುವ ಆಧಾರದ ಹೊಲಿಗೆ) ಸ್ಯಾಟಿನ್ ಸುತ್ತಿಕೊಳ್ಳುವ ಜಾಗ, ಒಂದು ಭಾಗ ಪಕ್ಕದ ಭಾಗದ ಮೇಲೆ ಏರಿ ಕೂರುವ ಜಾಗ, ದಾರ ಶುರುವಾಗುವ ಮತ್ತು ಮುಗಿಯುವ ಕಡೆ ಬಿಚ್ಚದಂತೆ ಹಾಕುವ ಪುಟ್ಟ ಲಾಕ್ ಹೊಲಿಗೆ, ಈ ನಾಲ್ಕು ಹಿಡಿತಗಳಲ್ಲಿ ಯಾವುದು ತಪ್ಪಿದರೂ ನೀರು ಅದನ್ನು ಬಯಲಿಗೆ ತರುತ್ತದೆ.

ಗಾತ್ರ ಬದಲಿಸುವಾಗ ಪರದೆಯ ಮೇಲಿನ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ದಾರದ ದಪ್ಪ ಮಾತ್ರ ಇದ್ದಷ್ಟೇ ಇರುತ್ತದೆ, ಸೂಜಿಯ ದಪ್ಪವೂ ಅಷ್ಟೇ. 40ನೇ ನಂಬರಿನ ದಾರಕ್ಕೆ ಸ್ಯಾಟಿನ್ ಎಳೆಗಳ ನಡುವೆ ಸಾಮಾನ್ಯವಾಗಿ 0.4 ಮಿ.ಮೀ. ಆಸುಪಾಸಿನ ಅಂತರ ಇಡುತ್ತಾರೆ. ಹೊಲಿಗೆಗಳ ಸಂಖ್ಯೆ ಬದಲಾಗದೆ ವಿನ್ಯಾಸ ಶೇಕಡಾ 80ಕ್ಕೆ ಇಳಿದರೆ ಆ ಅಂತರ 0.32 ಮಿ.ಮೀ. ಆಗುತ್ತದೆ, ಶೇಕಡಾ 120ಕ್ಕೆ ಏರಿದರೆ 0.48. ಸಂಖ್ಯೆಗಳು ಚಿಕ್ಕವೆಂದು ತಳ್ಳಿಹಾಕಬೇಡಿ. ಶೇಕಡಾ 80ರ ಅಳತೆಯಲ್ಲಿ ವಿನ್ಯಾಸದ ವಿಸ್ತೀರ್ಣ ಮೂಲದ ಶೇಕಡಾ 64 ಮಾತ್ರ. ಅಂದರೆ ಒಂದು ಚದರ ಸೆಂಟಿಮೀಟರಿನಲ್ಲಿ ಮೊದಲು ಇದ್ದುದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಹೊಲಿಗೆಗಳನ್ನು ತುರುಕುತ್ತಿದ್ದೇವೆ.

ಮೂಲ ಅಳತೆಯಲ್ಲೊಮ್ಮೆ ಹೊಲಿದು ನೋಡಿ

ಯಾವ ಪತ್ತೆದಾರಿಗೂ ಮೊದಲು ಇದನ್ನು ಮಾಡಲೇಬೇಕು. ಅದೇ ದಾರ, ಅದೇ ಬಾಬಿನ್ (ಕೆಳಗಿನ ದಾರದ ಸುರುಳಿ), ಅದೇ ಸ್ಟೆಬಿಲೈಸರ್, ಅದೇ ವೇಗ. ವಿನ್ಯಾಸ ಮಾತ್ರ ಮೂಲ ಅಳತೆಯಲ್ಲಿ. ಅದೂ ಬಿಚ್ಚಿಕೊಂಡರೆ ದೋಷ ಗಾತ್ರದ್ದಲ್ಲ. ಆಗ ಹೂಪ್‌ನಲ್ಲಿ ಸ್ಟೆಬಿಲೈಸರ್ ಸಡಿಲವಾಗಿತ್ತೇ, ತೆಳು ಫಿಲ್ಮ್ ಮಾದರಿಯ ಒಂದೇ ಪದರ ಹಾಕಿತ್ತೇ, ದಾರದ ಬಿಗಿತ ಹೆಚ್ಚಿತ್ತೇ ಎಂದು ನೋಡಬೇಕು. ಬಟ್ಟೆಯಂತಿರುವ ನಾರಿನ ಮಾದರಿಯ ಸ್ಟೆಬಿಲೈಸರ್ ಎರಡು ಪದರ, ಬೆರಳಿನಿಂದ ತಟ್ಟಿದರೆ ಶಬ್ದ ಬರುವಷ್ಟು ಬಿಗಿ, ನಿಮಿಷಕ್ಕೆ 600 ಹೊಲಿಗೆ ಮೀರದ ವೇಗ: ಲೇಸ್‌ಗೆ ಇದು ನಂಬಬಹುದಾದ ವ್ಯವಸ್ಥೆ. ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಸಾಫ್ಟ್‌ವೇರ್‌ನಲ್ಲಿ ತಿದ್ದಲು ಹೊರಟವರು ಇಲ್ಲದ ತಪ್ಪನ್ನು ಹುಡುಕುತ್ತ ದಿನ ಕಳೆಯುತ್ತಾರೆ. ಸ್ಟೆಬಿಲೈಸರ್ ದುಬಾರಿ, ನಿಜ. ಆದರೂ ಈ ಒಂದು ತುಂಡಿಗೆ ಜಿಪುಣತನ ಬೇಡ.

ಮೂಲ ಅಳತೆಯದು ಗಟ್ಟಿಯಾಗಿ ಬಂದರೆ ಮುಂದೆ ಓದಿ.

ಬಿಚ್ಚಿದ್ದು ಎಲ್ಲಿಂದ?

ಹಾಳಾದ ತುಂಡನ್ನು ಎಸೆಯಬೇಡಿ. ದೋಷದ ಪೂರ್ತಿ ಕಥೆ ಅದರಲ್ಲೇ ಇದೆ. ಒದ್ದೆ ಲೇಸನ್ನು ಕಪ್ಪು ಹಾಳೆಯ ಮೇಲೆ ಹರಡಿ (ಲೇಸ್ ಗಾಢ ಬಣ್ಣದ್ದಾದರೆ ಬಿಳಿ ಹಾಳೆ), ಒಣಗಲು ಬಿಡಿ. ರೇಯಾನ್ ದಾರವಾದರೆ ಒದ್ದೆಯಿದ್ದಾಗ ಎಳೆದು ನೋಡಬೇಡಿ, ಒದ್ದೆ ರೇಯಾನಿನ ಕಸುವು ಕಡಿಮೆ. ಒಣಗಿದ ಮೇಲೆ ಭೂತಗನ್ನಡಿ ಹಿಡಿದು, ಸೂಜಿಯ ಮೊನೆಯಿಂದ ಎಳೆಗಳನ್ನು ಮೆಲ್ಲಗೆ ಸರಿಸುತ್ತ, ಮೊದಲು ಬಿಚ್ಚಿದ ಜಾಗವನ್ನು ಹುಡುಕಿ.

ಬಣ್ಣ ಬದಲಾದ ಇಲ್ಲವೇ ದಾರ ಕತ್ತರಿಸಿದ ಕಡೆಯಲ್ಲಿ ಒಂದು ಸಡಿಲ ತುದಿ ಸಿಕ್ಕಿ, ಅಲ್ಲಿಂದ ಸ್ಯಾಟಿನ್ ಸುರುಳಿ ಬಿಚ್ಚುತ್ತ ಹೋಗಿದ್ದರೆ ಕೈಕೊಟ್ಟದ್ದು ಲಾಕ್ ಹೊಲಿಗೆ. ಎರಡು ಭಾಗಗಳ ನಡುವೆ ನೇರವಾದ, ಚೊಕ್ಕವಾದ ಬಿರುಕು ಇದ್ದು, ಎರಡೂ ಬದಿಯ ಅಂಚು ಹರಿಯದೆ ಗಟ್ಟಿಯಾಗಿಯೇ ಉಳಿದಿದ್ದರೆ ಅವು ಒಂದರ ಮೇಲೊಂದು ಏರಿಯೇ ಇರಲಿಲ್ಲ. ಸ್ಯಾಟಿನ್ ಪಟ್ಟಿ ನಡುಮಧ್ಯದಲ್ಲಿ ಕುಣಿಕೆ ಕುಣಿಕೆಯಾಗಿ ಜೋತುಬಿದ್ದಿದ್ದರೆ ಅದರೊಳಗೆ ಅಂಡರ್‌ಲೇ ಇಲ್ಲ, ಇಲ್ಲವೇ ಪಕ್ಕಕ್ಕೆ ಸರಿದಿದೆ. ಅಂಡರ್‌ಲೇ ಇಲ್ಲದ ಸ್ಯಾಟಿನ್ ನಾರಿಲ್ಲದೆ ಹೂ ಕಟ್ಟಿದ ಹಾಗೆ. ಮೇಲಿನ ದಾರ ಮತ್ತು ಬಾಬಿನ್ ದಾರ ಒಂದನ್ನೊಂದು ಹಿಡಿಯುವುದು ಪಟ್ಟಿಯ ಎರಡು ಅಂಚುಗಳಲ್ಲಿ ಮಾತ್ರ, ನಡುವೆ ಅವುಗಳನ್ನು ತಡೆದು ನಿಲ್ಲಿಸುವಂಥದ್ದು ಏನೂ ಇರುವುದಿಲ್ಲ. ಇನ್ನು ಎಳೆಗಳು ಬಿಚ್ಚುವ ಬದಲು ಕಡಿದೇ ಹೋಗಿದ್ದರೆ, ತುದಿ ಬ್ರಷ್‌ನಂತೆ ಹರಡಿದ್ದರೆ, ಕಾರಣ ವಿರಳತೆಯಲ್ಲ, ದಟ್ಟಣೆ: ಆಗಲೇ ಹೊಲಿದ ದಾರವನ್ನೇ ಸೂಜಿ ಮತ್ತೆ ಮತ್ತೆ ಚುಚ್ಚಿದೆ.

ಹೊಲಿಗೆಗಳ ಸಂಖ್ಯೆ ಹೇಳುವ ಸತ್ಯ

ಸಾಫ್ಟ್‌ವೇರ್ ಅಥವಾ ಯಂತ್ರ ಗಾತ್ರ ಬದಲಿಸುವಾಗ ಹೊಲಿಗೆಗಳನ್ನು ಹೊಸದಾಗಿ ಲೆಕ್ಕ ಹಾಕಿತೋ, ಇದ್ದವನ್ನೇ ಹಿಗ್ಗಿಸಿ ಕುಗ್ಗಿಸಿತೋ? ಬಹಳ ಮಂದಿ ಇದನ್ನು ನೋಡುವುದೇ ಇಲ್ಲ. ಮೂಲ ಕಡತದ ಹೊಲಿಗೆ ಸಂಖ್ಯೆಯನ್ನೂ ಹೊಸ ಕಡತದ ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ.

ಮೂಲದಲ್ಲಿ 18,000 ಹೊಲಿಗೆ ಇತ್ತು ಎಂದುಕೊಳ್ಳೋಣ. ಶೇಕಡಾ 80ಕ್ಕೆ ಇಳಿಸಿದ ಮೇಲೂ 18,000ವೇ ಇದ್ದರೆ ಮರುಲೆಕ್ಕ ನಡೆದಿಲ್ಲ. ನಡೆದಿದ್ದರೆ ಎಷ್ಟಿರಬೇಕು? ಸ್ಯಾಟಿನ್ ಮತ್ತು ಸಾದಾ ಓಟದ ಹೊಲಿಗೆಗಳ ಸಂಖ್ಯೆ ಉದ್ದಕ್ಕೆ ತಕ್ಕಂತೆ ಇಳಿಯುತ್ತದೆ, ಅಂದರೆ ಶೇಕಡಾ 80ಕ್ಕೆ. ಅಗಲ ಜಾಗವನ್ನು ತುಂಬುವ ಫಿಲ್ ಹೊಲಿಗೆಯದು ವಿಸ್ತೀರ್ಣಕ್ಕೆ ತಕ್ಕಂತೆ, ಶೇಕಡಾ 64ಕ್ಕೆ. ಹಾಗಾಗಿ ಹೊಸ ಸಂಖ್ಯೆ 11,520ರಿಂದ 14,400ರ ನಡುವೆ ಎಲ್ಲೋ ಇದ್ದರೆ ಮರುಲೆಕ್ಕ ಸರಿಯಾಗಿ ಆಗಿದೆ ಎನ್ನಬಹುದು. ಜಾಲರಿ ಮತ್ತು ಸ್ಯಾಟಿನ್ ಮಾತ್ರವೇ ಇರುವ ಲೇಸ್‌ನಲ್ಲಿ ಅದು 14,400ಕ್ಕೆ ಹತ್ತಿರ ಇರಬೇಕು. ಅದಕ್ಕಿಂತ ಬಹಳ ಕೆಳಗಿದ್ದರೆ ಸಾಫ್ಟ್‌ವೇರ್ ಯಾವುದೋ ಪದರವನ್ನು ತಪ್ಪಾಗಿ ಓದಿ ಹೊಲಿಗೆಗಳನ್ನು ಕಿತ್ತುಹಾಕಿದೆ.

ಇಲ್ಲಿ ಕಡತದ ಬಗೆಯೂ ಮುಖ್ಯ. ಡಿಎಸ್‌ಟಿ, ಪಿಇಎಸ್, ಜೆಇಎಫ್ ಮೊದಲಾದವನ್ನು ಯಂತ್ರಕ್ಕೆಂದು ಬರೆದಿರುತ್ತಾರೆ. ಡಿಎಸ್‌ಟಿಯಲ್ಲಂತೂ ಸೂಜಿ ಎಷ್ಟು ಸರಿಯಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಹಾರಬೇಕು ಎಂಬುದರ ಹೊರತು ಬೇರೇನೂ ಇಲ್ಲ. ಇದು ಸ್ಯಾಟಿನ್, ಇದು ಅಂಡರ್‌ಲೇ ಎಂಬ ತಿಳಿವಳಿಕೆ ಅದಕ್ಕಿಲ್ಲ; ಸಾಫ್ಟ್‌ವೇರ್ ಊಹಿಸಿಕೊಳ್ಳಬೇಕು. ಡಿಎಸ್‌ಟಿಯಲ್ಲಿ ಸೂಜಿಯ ಚಲನೆಯನ್ನು 0.1 ಮಿ.ಮೀ. ಹೆಜ್ಜೆಗಳಲ್ಲಿ ಬರೆಯುತ್ತಾರೆ. ಇದರ ಪರಿಣಾಮವನ್ನು ಹತ್ತಿರದಿಂದ ನೋಡಿ: 0.32 ಮಿ.ಮೀ. ಅಂತರದ ನೇರ ಸ್ಯಾಟಿನ್ ಪಟ್ಟಿಯ ಎಳೆಗಳು 0.32, 0.64, 0.96, 1.28, 1.60ರಲ್ಲಿ ಬೀಳಬೇಕು. ಬರೆಯುವಾಗ ಅವು 0.3, 0.6, 1.0, 1.3, 1.6 ಆಗುತ್ತವೆ. ಅಂತರ 0.3, 0.3, 0.4, 0.3 ಎಂದು ಏರುಪೇರಾಗುತ್ತದೆ; ಹೊಳಪಿನ ದಾರದಲ್ಲಿ ಅದು ಸಣ್ಣ ಪಟ್ಟೆಗಳಾಗಿ ಕಣ್ಣಿಗೂ ಬೀಳುತ್ತದೆ. ಒಮ್ಮೆ ಇಳಿಸಿ ಉಳಿಸಿದ ಕಡತವನ್ನೇ ಮತ್ತೆ ಏರಿಸಿದರೆ ಈ ಏರುಪೇರು ಅಳಿಸಿಹೋಗುವುದಿಲ್ಲ, ಅದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಪ್ರತಿ ಬಾರಿಯೂ ಮೂಲ ಕಡತದಿಂದಲೇ ಶುರುಮಾಡಿ. ಮೂಲದ ಮೇಲೆ ಎಂದೂ ಉಳಿಸಬೇಡಿ.

ಕುಗ್ಗಿಸಿದಾಗ

ಕುಗ್ಗಿಸಿದ ಲೇಸ್‌ನ ತೊಂದರೆಗಳು ಬಹುಪಾಲು ಹೊಲಿಯುವಾಗಲೇ ಕಾಣಿಸಿಕೊಳ್ಳುತ್ತವೆ. ದಾರ ಪದೇ ಪದೇ ಕಡಿಯುತ್ತದೆ, ಸೂಜಿ ಬೀಳುವ ಸದ್ದು ಗಡಸಾಗುತ್ತದೆ, ಕೆಳಗೆ ದಾರದ ಗಂಟು ಕಟ್ಟುತ್ತದೆ. ಕೆಲವೊಮ್ಮೆ ರಂಧ್ರಗಳು ಒತ್ತೊತ್ತಾಗಿ ಬಿದ್ದು ಸ್ಟೆಬಿಲೈಸರ್ ಅಂಚಿನುದ್ದಕ್ಕೂ ಹರಿದು, ಲೇಸ್ ಹೂಪ್‌ನಿಂದಲೇ ಬೇರೆಯಾಗಿಬಿಡುತ್ತದೆ. ಅದರ ನಂತರ ಬೀಳುವ ಹೊಲಿಗೆಗಳೆಲ್ಲ ಜಾಗ ತಪ್ಪುತ್ತವೆ. ಇವೆಲ್ಲ ಮರುಲೆಕ್ಕವಿಲ್ಲದೆ ಕುಗ್ಗಿಸಿದ್ದರ ಲಕ್ಷಣ.

ಮರುಲೆಕ್ಕ ಆಗಿದ್ದೂ ಬಿಚ್ಚಿಕೊಂಡರೆ ಮೂರು ಕಡೆ ನೋಡಿ. ಮೊದಲನೆಯದು ಸ್ಯಾಟಿನ್ ಪಟ್ಟಿಯ ಅಗಲ. ಮೂಲದಲ್ಲಿ 1.2 ಮಿ.ಮೀ. ಇದ್ದ ಪಟ್ಟಿ ಶೇಕಡಾ 80ರಲ್ಲಿ 0.96 ಆಗುತ್ತದೆ. ಅದರೊಳಗೆ ಎರಡು ಅಂಡರ್‌ಲೇ ಗೆರೆಗಳು ಓಡಬೇಕು, ಎರಡೂ ಬದಿ ಸೂಜಿ ಅವುಗಳ ಹೊರಗೆ ಬೀಳಬೇಕು. ಅಷ್ಟು ಜಾಗವೇ ಅಲ್ಲಿಲ್ಲ. ಸೂಜಿ ಅಂಡರ್‌ಲೇಯನ್ನು ಸುತ್ತುವ ಬದಲು ಅದರ ಮೇಲೆಯೇ ಚುಚ್ಚುತ್ತದೆ. ಲೇಸ್‌ನ ಯಾವ ಸ್ಯಾಟಿನ್ ಪಟ್ಟಿಯನ್ನೂ 1 ಮಿ.ಮೀ.ಗಿಂತ ಕಿರಿದಾಗಲು ನಾನು ಬಿಡುವುದಿಲ್ಲ. ತಿದ್ದಬಹುದಾದ ಕಡತವಿದ್ದರೆ ಚಿತ್ರವನ್ನು ಕುಗ್ಗಿಸಿ, ಪಟ್ಟಿಗಳ ಅಗಲವನ್ನು ಕೈಯಾರೆ ಮೊದಲಿನಷ್ಟಕ್ಕೇ ತರುತ್ತೇನೆ.

ಎರಡನೆಯದು ಭಾಗಗಳು ಒಂದರ ಮೇಲೊಂದು ಏರುವ ಅಳತೆ. ಮೂಲದಲ್ಲಿ 0.6 ಮಿ.ಮೀ. ಇದ್ದುದು ಶೇಕಡಾ 70ರಲ್ಲಿ 0.42 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದೇ ಎಳೆಯ ಹಿಡಿತ. ಸ್ಯಾಟಿನ್ ಹೊಲಿಗೆ ತನ್ನ ಅಗಲವನ್ನು ಒಳಕ್ಕೆ ಎಳೆದುಕೊಳ್ಳುವ ಸ್ವಭಾವದ್ದು. ಆ ಸೆಳೆತವನ್ನು ಸರಿದೂಗಿಸಲು ಮೂಲ ವಿನ್ಯಾಸಕಾರರು ಕೊಟ್ಟ ಹೆಚ್ಚುವರಿ ಅಗಲವೂ ಚಿತ್ರದ ಜೊತೆಗೆ ಕುಗ್ಗಿರುತ್ತದೆ, ಸೆಳೆತ ಮಾತ್ರ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಬಿರುಕು ಹುಟ್ಟುವುದು ಅಲ್ಲಿ.

ಮೂರನೆಯದು ಲಾಕ್ ಹೊಲಿಗೆ. ಇವು ಮೊದಲೇ ಅತಿ ಚಿಕ್ಕವು. ಕುಗ್ಗಿಸಿದ ಮೇಲೆ ಅರ್ಧ ಮಿಲಿಮೀಟರಿಗಿಂತ ಕೆಳಗೆ ಇಳಿದರೆ, ಚಿಕ್ಕ ಹೊಲಿಗೆಗಳನ್ನು ತೆಗೆದುಹಾಕುವ ಫಿಲ್ಟರ್ ಇರುವ ಸಾಫ್ಟ್‌ವೇರ್ ಇವನ್ನು ಕಸವೆಂದು ತಿಳಿದು ಗುಡಿಸಿಬಿಡುತ್ತದೆ. ಪರದೆಯ ಮೇಲೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಲೇಸ್‌ಗೆ ಇದರಷ್ಟು ಅನ್ಯಾಯ ಇನ್ನೊಂದಿಲ್ಲ. ಆ ಫಿಲ್ಟರನ್ನು ಆಫ್ ಮಾಡಿ, ಲಾಕ್ ಹೊಲಿಗೆಗಳನ್ನು ಮತ್ತೆ ಸೇರಿಸಿ, ಹೊಲಿಗೆಗಳನ್ನು ಒಂದೊಂದಾಗಿ ತೋರಿಸುವ ನೋಟದಲ್ಲಿ ಪ್ರತಿ ಬಣ್ಣದ ಮೊದಲ ಮತ್ತು ಕೊನೆಯ ಕೆಲವು ಹೊಲಿಗೆಗಳನ್ನು ನೋಡಿ ಖಚಿತಪಡಿಸಿಕೊಳ್ಳಿ.

ಹಿಗ್ಗಿಸಿದಾಗ

ಇದು ಮೋಸಗಾರ. ಹೊಲಿಯುವಾಗ ಯಾವ ತಕರಾರೂ ಇರುವುದಿಲ್ಲ, ನೀರಿನಲ್ಲಿ ಮಾತ್ರ ಕೈಕೊಡುತ್ತದೆ. ಜಾಲರಿಯ ಗೆರೆಗಳ ಅಂತರ ಮೂಲದಲ್ಲಿ 2 ಮಿ.ಮೀ. ಇದ್ದರೆ ಶೇಕಡಾ 130ರಲ್ಲಿ 2.6 ಆಗುತ್ತದೆ. ಗೆರೆಗಳು ದಾಟುವ ಜಾಗಗಳ ಸಂಖ್ಯೆ ಅಷ್ಟೇ, ಅವು ಹೊರಬೇಕಾದ ವಿಸ್ತಾರ ಮಾತ್ರ ಸುಮಾರು 1.7 ಪಟ್ಟು. ಒಣಗಿದ ಲೇಸ್ ಜೋತುಬೀಳುತ್ತದೆ, ಮಧ್ಯ ಜೋಳಿಗೆಯಾಗುತ್ತದೆ, ಅಂಚು ಅಲೆಅಲೆಯಾಗುತ್ತದೆ. ಬಿಚ್ಚದಿದ್ದರೂ ಅದನ್ನು ಗಟ್ಟಿ ಲೇಸ್ ಎನ್ನಲಾಗದು.

ಹಿಗ್ಗಿದ ಸ್ಯಾಟಿನ್‌ಗೆ ಮರುಲೆಕ್ಕ ಮಾಡಿಸಿದರೆ ಎಳೆಗಳ ಅಂತರ ಸರಿಹೋಗುತ್ತದೆ, ಅಗಲ ಸರಿಹೋಗುವುದಿಲ್ಲ. 5 ಮಿ.ಮೀ. ಪಟ್ಟಿ 7 ದಾಟಿದರೆ ಆ ಉದ್ದದ ಎಳೆಗಳು ಬೆರಳಿಗೂ ಉಗುರಿಗೂ ಸಿಕ್ಕಿಕೊಳ್ಳುತ್ತವೆ. ಉದ್ದದ ಎಳೆ ಹೆಚ್ಚು ಸೆಳೆಯುವುದರಿಂದ ಪಕ್ಕದ ಜಾಲರಿಯ ತುದಿಗಳು ಅದರ ಹಿಡಿತದಿಂದ ಜಾರಿಕೊಳ್ಳುತ್ತವೆ. ಅಂಥ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ನಡುವೆ ಒಂದರ ಮೇಲೊಂದು ಏರುವಂತೆ ಮಾಡುವುದೊಂದೇ ದಾರಿ.

ಜಾಲರಿಗೆ ಮರುಲೆಕ್ಕ ಮಾಡಿಸುವುದು ಇನ್ನೂ ಅಪಾಯ. ಹತ್ತಿರ ಹತ್ತಿರ ಹಿಂದೆ ಮುಂದೆ ಓಡುವ ಗೆರೆಗಳನ್ನು ಕೆಲವು ಸಾಫ್ಟ್‌ವೇರ್‌ಗಳು ಫಿಲ್ ಎಂದು ತಪ್ಪಾಗಿ ಓದುತ್ತವೆ. ಆಗ ಗೆರೆಗಳ ಸಂಖ್ಯೆಯೂ ಅವುಗಳ ತುದಿಯೂ ಬದಲಾಗುತ್ತವೆ. ಮೂಲದಲ್ಲಿ ಪ್ರತಿ ಗೆರೆಯ ತುದಿಯೂ ಅಂಚಿನ ಸ್ಯಾಟಿನ್‌ನ ಅಡಿಗೆ ಹೋಗಿ ಮುಗಿಯುತ್ತಿತ್ತು. ಹೊಸದರಲ್ಲಿ ಕೆಲವು ತುದಿಗಳು ಸ್ಯಾಟಿನ್ ತಲುಪುವ ಮೊದಲೇ ತಿರುಗಿಬಿಡುತ್ತವೆ. ಸಾಫ್ಟ್‌ವೇರ್‌ನಲ್ಲಿ ಸ್ಯಾಟಿನ್ ಪದರವನ್ನು ಮರೆಮಾಡಿ ಜಾಲರಿ ಮಾತ್ರ ನೋಡಿ, ಆಮೇಲೆ ಸ್ಯಾಟಿನ್ ತೋರಿಸಿ. ಯಾವ ಗೆರೆಯ ತುದಿಯಾದರೂ ಸ್ಯಾಟಿನ್‌ನ ಒಳ ಅಂಚನ್ನು ತಲುಪದೆ ಬರಿದಾಗಿ ಕಂಡರೆ ಅದು ನೀರಿನಲ್ಲಿ ಕಳಚಿಕೊಳ್ಳುವುದು ಖಂಡಿತ.

ಎಷ್ಟರವರೆಗೆ ಬದಲಿಸಬಹುದು ಎಂದು ಕೇಳಿದರೆ ನನ್ನ ಲೆಕ್ಕ ಇಷ್ಟು: ದಾರ ಬದಲಿಸದಿದ್ದರೆ, ಮರುಲೆಕ್ಕವಿಲ್ಲದೆ ಹೆಚ್ಚೆಂದರೆ ಶೇಕಡಾ 10, ಮರುಲೆಕ್ಕ ಮತ್ತು ಪರೀಕ್ಷಾ ತುಂಡಿನೊಂದಿಗೆ ಶೇಕಡಾ 20. ಅದಕ್ಕೂ ಮಿಗಿಲಾಗಿ ಬೇಕಾದರೆ ಇಎಂಬಿ ಕಡತವೋ ಇಂಕ್‌ಸ್ಟಿಚ್ ಸಾಫ್ಟ್‌ವೇರ್‌ನ ಎಸ್‌ವಿಜಿ ಕಡತವೋ, ಆಕಾರ ಬೇರೆ, ಹೊಲಿಗೆಯ ಅಂತರ ಬೇರೆಯಾಗಿ ಬರೆದಿಟ್ಟ ಮೂಲ ಬೇಕು. ಅದೂ ಇಲ್ಲದಿದ್ದರೆ ಹೊಸದಾಗಿ ಡಿಜಿಟೈಸ್ ಮಾಡುವುದೇ, ಅಂದರೆ ಚಿತ್ರದಿಂದ ಹೊಲಿಗೆ ಕಡತವನ್ನು ಮೊದಲಿನಿಂದ ರೂಪಿಸುವುದೇ, ಮೇಲು.

ಜೋಡಿಸುವ ತುಂಡುಗಳು

ಲೇಸ್ ಬಟ್ಟಲು, ಪೆಟ್ಟಿಗೆ, ನಿಲ್ಲಿಸುವ ಮರದಂಥ ವಿನ್ಯಾಸಗಳಲ್ಲಿ ಒಂದು ತುಂಡಿನ ಗುಬುಟು ಇನ್ನೊಂದರ ಕಣ್ಣಿಗೆ (ರಂಧ್ರಕ್ಕೆ) ಸೇರಬೇಕು. ಎಲ್ಲ ತುಂಡುಗಳನ್ನೂ ಒಂದೇ ಶೇಕಡಾವಾರಿನಲ್ಲಿ ಬದಲಿಸಿದ್ದರೂ ಗುಬುಟು ತೂರದಿದ್ದರೆ ಆಶ್ಚರ್ಯಪಡಬೇಡಿ. 3 ಮಿ.ಮೀ. ಕಣ್ಣು ಶೇಕಡಾ 80ರಲ್ಲಿ 2.4 ಆಗುತ್ತದೆ, ಸುತ್ತಲಿನ ಸ್ಯಾಟಿನ್ ಮಾತ್ರ ದಾರದ ದಪ್ಪದಷ್ಟು ಒಳಕ್ಕೆ ಚಾಚಿಯೇ ಇರುತ್ತದೆ. ಗುಬುಟಿನ ಉಬ್ಬೂ ಹಾಗೆಯೇ ಉಳಿಯುತ್ತದೆ. ತುಂಡಿನ ಗಾತ್ರ ಬದಲಿಸಿ, ಕಣ್ಣು ಮತ್ತು ಗುಬುಟುಗಳನ್ನು ಮೂಲ ಅಳತೆಯಲ್ಲೇ ಬಿಡಿ.

ಗಾತ್ರ ಬದಲಿಸದೆ ಪಾರಾಗುವ ದಾರಿಗಳು

ವಿನ್ಯಾಸ ಹೂಪ್‌ಗಿಂತ ಎರಡು ಮೂರು ಮಿಲಿಮೀಟರ್ ದೊಡ್ಡದಾಯಿತೆಂದು ಕುಗ್ಗಿಸಲು ಹೋಗುವವರಿಗೆ ಒಂದು ಉಪಾಯ: ತಿರುಗಿಸಿ ನೋಡಿ. ಚೂಪು ತುದಿಗಳ ಆರು ಕೋನದ ನಕ್ಷತ್ರ ತುದಿಯಿಂದ ತುದಿಗೆ 103 ಮಿ.ಮೀ. ಇದ್ದರೆ 100×100 ಮಿ.ಮೀ. ಹೊಲಿಗೆ ಜಾಗಕ್ಕೆ ಹಿಡಿಯುವುದಿಲ್ಲ. ಅದನ್ನೇ 15 ಡಿಗ್ರಿ ತಿರುಗಿಸಿದರೆ ಅಗಲವೂ ಎತ್ತರವೂ ಸುಮಾರು 99.5 ಮಿ.ಮೀ. ಆಗುತ್ತವೆ. ಸಾಂದ್ರತೆಗೆ ಕೈ ಹಾಕದೆಯೇ ಕೆಲಸ ಮುಗಿಯಿತು.

ಅಂಚಿನ ಲೇಸ್ ಉದ್ದ ಸಾಲದಿದ್ದರೆ ಎಳೆದು ಉದ್ದ ಮಾಡಬೇಡಿ. ಇನ್ನೊಂದು ಆವರ್ತನೆ ಸೇರಿಸಿ. ಒಂದೇ ದಿಕ್ಕಿನಲ್ಲಿ ಹಿಗ್ಗಿಸಿದ ಲೇಸ್ ಒಂದು ಕಡೆ ವಿರಳ, ಇನ್ನೊಂದು ಕಡೆ ದಟ್ಟ ಆಗಿ, ಒಣಗುವಾಗ ತಿರುಚಿಕೊಳ್ಳುತ್ತದೆ.

ಗಾತ್ರ ಬದಲಿಸಲೇಬೇಕಾದಾಗ ದಾರವನ್ನೂ ಬದಲಿಸುವುದು ನನಗೆ ಬಹಳ ಇಷ್ಟವಾದ ಪರಿಹಾರ. ಶೇಕಡಾ 80ಕ್ಕೆ ಇಳಿಸಿದ ಕಡತವನ್ನು ಮರುಲೆಕ್ಕ ಮಾಡಿಸದೆ, 40ರ ಬದಲು ತೆಳುವಾದ 60ರ ದಾರ ಮತ್ತು 65/9 ಅಳತೆಯ ಸೂಜಿ ಹಾಕಿ ಹೊಲಿಯಿರಿ. ಮೂಲ ವಿನ್ಯಾಸಕಾರರು ಇಟ್ಟ ಹಿಡಿತಗಳೆಲ್ಲ ಹಾಗೆಯೇ ಉಳಿಯುತ್ತವೆ, ದಟ್ಟಣೆ ತಗ್ಗುತ್ತದೆ, ಲೇಸ್ ನಯವಾಗಿ ಬರುತ್ತದೆ. ಲಾಕ್ ಹೊಲಿಗೆಗಳನ್ನು ಮಾತ್ರ ಇಲ್ಲಿಯೂ ಪರೀಕ್ಷಿಸಿ. ಶೇಕಡಾ 120ಕ್ಕೆ ಏರಿಸಿದ್ದಕ್ಕೆ ದಪ್ಪನೆಯ 30ರ ದಾರ, 90/14 ಸೂಜಿ. ಎರಡೂ ಸಂದರ್ಭದಲ್ಲಿ ಬಾಬಿನ್‌ಗೂ ಅದೇ ದಾರವನ್ನೇ ಸುತ್ತಿ, ಬಿಗಿತವನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ಲೇಸ್‌ಗೆ ಹಿಂಬದಿ ಎಂಬುದಿಲ್ಲ, ಎರಡೂ ಮುಖ ಕಾಣುತ್ತವೆ.

ನೀರಿಗೆ ಹಾಕುವ ಮುನ್ನ

ಹೊಲಿಗೆ ಮುಗಿದ ಮೇಲೆ ಹೂಪ್‌ನಿಂದ ಲೇಸನ್ನು ಬಿಡಿಸಬೇಡಿ. ಹೂಪ್ ಸಮೇತ ಬೆಳಕಿಗೆ ಹಿಡಿದು ಸಂದುಗಳನ್ನು ನೋಡಿ. ಎರಡು ಭಾಗಗಳ ನಡುವೆ ಬರೀ ಸ್ಟೆಬಿಲೈಸರ್‌ನ ಗೆರೆ ಹೊಳೆಯುತ್ತಿದ್ದರೆ ಅಲ್ಲಿ ಹಿಡಿತವಿಲ್ಲ. ಹೂಪನ್ನು ಯಂತ್ರಕ್ಕೆ ಮರಳಿ ಕೂರಿಸಿ, ಆ ಭಾಗದ ಸ್ಯಾಟಿನ್ ಶುರುವಾಗುವ ಹೊಲಿಗೆಗೆ ಹಿಂತಿರುಗಿ ಇನ್ನೊಮ್ಮೆ ಹೊಲಿಸಿದರೆ ಕಿರಿದಾದ ಸಂದುಗಳು ಮುಚ್ಚಿಕೊಳ್ಳುತ್ತವೆ. ಸ್ಟೆಬಿಲೈಸರ್ ಅಲ್ಲಿ ಆಗಲೇ ಹರಿದಿದ್ದರೆ ಕೆಳಗೆ ಹೊಸ ತುಂಡೊಂದನ್ನು ಇಟ್ಟು ಹೊಲಿಯಿರಿ.

ತೊಳೆದ ಮೇಲೆ ಕಂಡ ಬಿರುಕಿಗೂ ಮದ್ದಿದೆ. ಲೇಸ್ ಪೂರ್ತಿ ಒಣಗಿದ ಮೇಲೆ ಹೊಸ ಸ್ಟೆಬಿಲೈಸರ್ ಮೇಲೆ ಅದನ್ನು ಸರಿಯಾದ ಆಕಾರಕ್ಕೆ ತಂದು ಪಿನ್ ಚುಚ್ಚಿ, ಬಿರುಕಿನ ಎರಡೂ ಬದಿಯನ್ನು ಹಿಡಿಯುವಂತೆ ಅದೇ ದಾರದಿಂದ ಕಿರಿದಾದ ಜಿಗ್‌ಜಾಗ್ ಹೊಲಿಗೆ ಹಾಕಿ, ಸೂಜಿ ಬರುವ ಮೊದಲೇ ಪಿನ್‌ಗಳನ್ನು ತೆಗೆಯುತ್ತ ಹೋಗಿ. ಆಮೇಲೆ ಆ ಜಾಗವನ್ನಷ್ಟೇ ತೊಳೆದು, ಮಟ್ಟಸವಾದ ಹಲಗೆಯ ಮೇಲೆ ಮತ್ತೆ ಪಿನ್ ಚುಚ್ಚಿ ಒಣಗಿಸಿ. ಸ್ಟೆಬಿಲೈಸರ್‌ನ ಅಂಟು ಸ್ವಲ್ಪ ಉಳಿದರೆ ಒಳ್ಳೆಯದೇ. ಲೇಸ್‌ಗೆ ಬೇಕಾದ ಬಿರುಸು ಅದರಿಂದಲೇ ಬರುತ್ತದೆ.